ಹೆತ್ತವರ ನಾಡಿ

(ಸಂಸ್ಥೆಯ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣ)



ಶಿಕ್ಷಣದ ಮಹತ್ವದ ಬಗ್ಗೆ ಎರಡು ಮಾತು ಹೇಳಬೇಕೆಂದು ನನ್ನನ್ನು ಕರೆದರು. ಆ ವಿಷಯ ಬಲ್ಲವರು ಈ ವೇದಿಕೆಯ ಮೇಲೆ ಬಹಳ ಜನ ಇದ್ದಾರೆ. ನಾನು ನಿಮ್ಮ ಮನೆಯಲ್ಲಿರುವ ತಂದೆ-ತಾಯಿಯ ನಾಡಿಯ ಬಗ್ಗೆ ಮಾತಾಡುತ್ತೇನೆ. ಕ್ಷಮೆ ಇರಲಿ.

ನಮ್ಮ ತಂದೆಯವರು ರಬಕವಿಯಲ್ಲಿ ಪವರ್ ಲೂಮ್ ನಡೆಸಿದವರು. ವಯಸ್ಸು ಎಪ್ಪತ್ತು ದಾಟಿದೆ. ಒಂದು ದಿನ ಮಗ್ಗದ ಪಕ್ಕದಲ್ಲೇ ಕಣ್ಣಿಗೆ ಕತ್ತಲೆ ಬಂದು ಕುಸಿದು ಕುಳಿತರು. "ಬಿಸಲಿಗೆ ಹಂಗ ಆಗತೈತಿ ಬಿಡೋ" ಅಂದರು. ನಾನೂ ಬಿಟ್ಟೆ. ಎರಡು ವಾರದ ನಂತರ ವುಜೂ ಮಾಡುತ್ತಿದ್ದಾಗ ನಲ್ಲಿಯ ಹತ್ತಿರ ಬಿದ್ದರು. ವಯಸ್ಸಾಯಿತು, ಊಟ ಕಡಿಮೆ ಎಂದು ನಾವೇ ಕಾರಣ ಹೇಳಿಕೊಂಡೆವು. ಪಿ.ಯು.ಸಿ. ವಿಜ್ಞಾನ ಓದುತ್ತಿದ್ದ ನನ್ನ ಅಣ್ಣನ ಮಗಳು ಅಜ್ಜನ ಮಣಿಕಟ್ಟಿನ ಮೇಲೆ ಬೆರಳಿಟ್ಟು, ಗೋಡೆಯ ಗಡಿಯಾರ ನೋಡುತ್ತ ಎಣಿಸಿದಳು. ನಿಮಿಷಕ್ಕೆ ಮೂವತ್ತಾರು. ತಪ್ಪಿರಬೇಕೆಂದು ಮತ್ತೆ ಎಣಿಸಿದಳು. ಮತ್ತೆ ಮೂವತ್ತಾರು. ನಾನು ಇಪ್ಪತ್ತು ವರ್ಷ ಮಾಸ್ತರಿಕೆ ಮಾಡಿದವನು, ನನಗೆ ಎಣಿಸಬೇಕೆಂದು ಹೊಳೆಯಲಿಲ್ಲ.

ಹೃದಯದ ಬಲಭಾಗದ ಮೇಲಿನ ಕೋಣೆಯಲ್ಲಿ ಜೀವಕೋಶಗಳ ಸಣ್ಣದೊಂದು ಗುಂಪು ಇದೆ. ವಿದ್ಯುತ್ ಸಂಕೇತ ಅಲ್ಲಿ ಹುಟ್ಟಿ ಕೆಳಗಿನ ಕೋಣೆಗಳಿಗೆ ಇಳಿದಾಗ ಹೃದಯ ಬಡಿಯುತ್ತದೆ. ವಿಶ್ರಾಂತಿಯಲ್ಲಿ ಸಾಮಾನ್ಯವಾಗಿ ನಿಮಿಷಕ್ಕೆ 60ರಿಂದ 100. ನಿದ್ದೆಯಲ್ಲಿ, ಚೆನ್ನಾಗಿ ಪಳಗಿದ ಓಟಗಾರರಲ್ಲಿ, ಇದಕ್ಕಿಂತ ಕಡಿಮೆ ಇದ್ದರೂ ಕಾಯಿಲೆಯಲ್ಲ. ಆದರೆ ನಾಡಿ ನಿಧಾನವಾಗಿ, ಜೊತೆಗೆ ತಲೆಸುತ್ತು, ಎಚ್ಚರ ತಪ್ಪುವುದು, ನಾಲ್ಕು ಹೆಜ್ಜೆಗೆ ದಮ್ಮು ಬರುವುದು ಇದ್ದರೆ ಅಂದೇ ಆಸ್ಪತ್ರೆಗೆ ಹೋಗಬೇಕು. ಹೋಗುವಾಗ ಮನೆಯಲ್ಲಿರುವ ಎಲ್ಲ ಗುಳಿಗೆಗಳನ್ನೂ ಚೀಲಕ್ಕೆ ಹಾಕಿಕೊಳ್ಳಿ. ಬಿ.ಪಿ.ಯ ಕೆಲವು ಗುಳಿಗೆಗಳು, ಅಷ್ಟೇಕೆ, ಕಣ್ಣಿನ ಒತ್ತಡಕ್ಕೆ ಹಾಕುವ ಕೆಲವು ಹನಿಗಳೂ ನಾಡಿಯನ್ನು ನಿಧಾನ ಮಾಡುತ್ತವೆ. ಥೈರಾಯ್ಡ್ ಕಡಿಮೆಯಾದರೂ ಹಾಗೆ ಆಗಬಹುದು. ಅಂಥ ಕಾರಣ ಸಿಕ್ಕರೆ ಯಂತ್ರವೇ ಬೇಡವಾಗಬಹುದು. ಆದರೆ ನೀವಾಗಿಯೇ ಗುಳಿಗೆ ನಿಲ್ಲಿಸಬೇಡಿ.

ನಮ್ಮ ತಂದೆಯವರಿಗೆ ಅಂಥ ಕಾರಣ ಇರಲಿಲ್ಲ. ಜಮಖಂಡಿಯಲ್ಲಿ ಇ.ಸಿ.ಜಿ. ತೆಗೆದಾಗ ಮೇಲಿನ ಕೋಣೆಯ ಸಂಕೇತ ಕೆಳಗೆ ತಲುಪುತ್ತಿಲ್ಲವೆಂದು ಗೊತ್ತಾಯಿತು. ಅಂದೇ ಬೆಳಗಾವಿಗೆ ಕರೆದೊಯ್ದೆವು. ಪೇಸ್‌ಮೇಕರ್ ಹಾಕಲೇಬೇಕು ಎಂದರು.

ಇಲ್ಲಿ ನಾವು ಮಾಡಿದ ತಪ್ಪನ್ನು ಹೇಳಲೆಂದೇ ನಾನು ನಿಂತಿದ್ದೇನೆ. ಅಣ್ಣ, ನಾನು, ತಮ್ಮ ಮೂವರೂ ವರಾಂಡದಲ್ಲಿ ನಿಂತು, ಅಬ್ಬಾ ಹೆದರುತ್ತಾರೆ, ಹೇಳುವುದು ಬೇಡ ಎಂದು ತೀರ್ಮಾನಿಸಿದೆವು. "ಸಣ್ಣ ಇಂಜೆಕ್ಷನ್ ಅಬ್ಬಾ" ಎಂದೆವು. ಪಕ್ಕದ ಹಾಸಿಗೆಯವರಿಂದ ಅವರಿಗೆ ವಿಷಯ ತಿಳಿಯಿತು. "ಎದಿ ನಂದು. ನನ್ನ ಬಿಟ್ಟು ಎಲ್ಲಾರಿಗೂ ಗೊತ್ತೈತಿ" ಅಂದವರು ರಾತ್ರಿಯಿಡೀ ಮಾತಾಡಲಿಲ್ಲ. ಒಪ್ಪಿಗೆ ಪತ್ರಕ್ಕೆ ಸಹಿಯನ್ನೂ ಮಾಡಲಿಲ್ಲ.

ಬೆಳಿಗ್ಗೆ ಡಾಕ್ಟರರು ಬಂದಾಗ ಅವರೇ ಎರಡು ಪ್ರಶ್ನೆ ಕೇಳಿದರು. ಮತ್ತೆ ಮಗ್ಗದ ಹತ್ತಿರ ನಿಲ್ಲಬಹುದೇ? ಎರಡನೆಯದು, "ನನ್ನ ಹೊತ್ತು ಬಂದಾಗ ಈ ಮಶೀನು ರೂಹನ್ನ ಹೋಗಗೊಡೂದಿಲ್ಲೇನು?" ನಮಗೆ ಗಂಟಲು ಕಟ್ಟಿತು. ಇದು ಅವರ ಮನಸ್ಸಿನಲ್ಲಿದೆ ಎಂದು ಮೂವರು ಮಕ್ಕಳಿಗೂ ತಿಳಿದಿರಲಿಲ್ಲ. ಡಾಕ್ಟರರು ನಗಲಿಲ್ಲ. ಹಾಸಿಗೆಯ ಅಂಚಿನಲ್ಲಿ ಕುಳಿತು ಹೇಳಿದರು: ಇದು ಹೃದಯಕ್ಕೆ ಸಂಕೇತ ಕೊಡುತ್ತದೆ, ಅಷ್ಟೇ. ಬಡಿಯಬೇಕಾದದ್ದು ಹೃದಯದ ಸ್ನಾಯು. ಹೊತ್ತು ಬಂದು ಆ ಸ್ನಾಯು ಸೋತಾಗ ಎಷ್ಟು ಸಂಕೇತ ಕೊಟ್ಟರೂ ಅದು ಬಡಿಯುವುದಿಲ್ಲ. ತಂದೆಯವರು ಸ್ವಲ್ಪ ಹೊತ್ತು ಸುಮ್ಮನಿದ್ದು ಪೆನ್ನು ಕೇಳಿದರು.

ಮುಚ್ಚಿಡುವಂಥದ್ದು ಇದರಲ್ಲಿ ಏನೂ ಇಲ್ಲ. 2025ರ ಅಕ್ಟೋಬರ್ ಆರಂಭದಲ್ಲಿ ನಮ್ಮ ಕಲಬುರಗಿಯ ಮಲ್ಲಿಕಾರ್ಜುನ ಖರ್ಗೆಯವರಿಗೆ, 83ನೆಯ ವಯಸ್ಸಿನಲ್ಲಿ, ಬೆಂಗಳೂರಿನ ಎಂ.ಎಸ್. ರಾಮಯ್ಯ ಆಸ್ಪತ್ರೆಯಲ್ಲಿ ಪೇಸ್‌ಮೇಕರ್ ಹಾಕಿದರು. ಅವರ ಮಗ ಪ್ರಿಯಾಂಕ್ ಖರ್ಗೆ ಇದು ಸಣ್ಣ ಶಸ್ತ್ರಚಿಕಿತ್ಸೆ, ತಂದೆ ಕ್ಷೇಮವಾಗಿದ್ದಾರೆ, ಅಕ್ಟೋಬರ್ 3ರಿಂದ ಮತ್ತೆ ಕೆಲಸಕ್ಕೆ ಬರುತ್ತಾರೆ ಎಂದು ಇಡೀ ದೇಶಕ್ಕೆ ಬಹಿರಂಗವಾಗಿ ಹೇಳಿದರು. ರಾಜಕೀಯ ಬದಿಗಿರಲಿ, ಮಗನ ಆ ರೀತಿ ನನಗೆ ಹಿಡಿಸಿತು. ಜಗತ್ತಿನಲ್ಲಿ ಮೊದಲ ಬಾರಿಗೆ ದೇಹದೊಳಗೆ ಪೇಸ್‌ಮೇಕರ್ ಇಟ್ಟದ್ದು 1958ರ ಅಕ್ಟೋಬರ್ 8ರಂದು, ಸ್ವೀಡನ್ನಿನ ಆರ್ನೆ ಲಾರ್ಸನ್ ಎಂಬವರಿಗೆ. ಅವರ ಹೆಂಡತಿ ಎಲ್ಸೆ ಮಾರಿ ವೈದ್ಯರ, ಎಂಜಿನಿಯರರ ಬೆನ್ನು ಬಿಡದೆ ಅದನ್ನು ಮಾಡಿಸಿದರು. ಆ ಮೊದಲ ಯಂತ್ರ ಕೆಲವೇ ಗಂಟೆ ನಡೆಯಿತು. ಆದರೂ ಒಂದರ ನಂತರ ಒಂದರಂತೆ 26 ಯಂತ್ರ ಹಾಕಿಸಿಕೊಂಡು ಲಾರ್ಸನ್ 86 ವರ್ಷ ಬದುಕಿದರು, 2001ರಲ್ಲಿ ತೀರಿಕೊಂಡರು. ಈಗಿನ ಯಂತ್ರಗಳ ಬ್ಯಾಟರಿ ಹತ್ತು ವರ್ಷದ ಆಸುಪಾಸು ಬರುತ್ತದೆ.

ಎದೆ ಸೀಳುತ್ತಾರೆಂದು ನಮ್ಮ ತಾಯಿ ಅಳುತ್ತಿದ್ದರು. ಸಾಮಾನ್ಯವಾಗಿ ಹಾಗೇನಿಲ್ಲ. ಆ ಜಾಗಕ್ಕಷ್ಟೇ ಅರಿವಳಿಕೆ ಕೊಟ್ಟು, ಕತ್ತಿನ ಕೆಳಗಿನ ಎಲುಬಿನ ಹತ್ತಿರ ಚರ್ಮದಡಿ ಯಂತ್ರವಿಟ್ಟು, ರಕ್ತನಾಳದ ಮೂಲಕ ತಂತಿಯನ್ನು ಹೃದಯಕ್ಕೆ ಇಳಿಸುತ್ತಾರೆ. ಹಣದ ಮಾತು: ಸಾಲಕ್ಕೆ ಓಡುವ ಮೊದಲು ಆಸ್ಪತ್ರೆಯ ಆರೋಗ್ಯ ಮಿತ್ರರನ್ನು ಕಾಣಿ. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ಅವಕಾಶವಿದೆ. ತುರ್ತು ಇಲ್ಲದಿದ್ದರೆ ಸರಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕು.

ಮನೆಗೆ ಬಂದ ಮೇಲೆ ನಮ್ಮದು ಇನ್ನೊಂದು ಅತಿರೇಕ. ಕುಳಿತಲ್ಲೇ ನೀರು, ಕುಳಿತಲ್ಲೇ ಊಟ. ಹೊರಗೆ ಕಾಲಿಡಗೊಡಲಿಲ್ಲ. ಡಾಕ್ಟರರು ಹೇಳಿದ್ದು ಅಷ್ಟಲ್ಲ. ಗಾಯ ಮಾಯುವವರೆಗೆ ಒದ್ದೆಯಾಗಬಾರದು, ಕೆಲವು ವಾರ ಆ ಬದಿಯ ಮೊಳಕೈ ಭುಜಕ್ಕಿಂತ ಮೇಲೆ ಹೋಗಬಾರದು, ಭಾರ ಎತ್ತಬಾರದು. ವುಜೂ, ತಕ್ಬೀರ್, ಸಜ್ದಾ ಹೇಗೆಂದು ಅವರನ್ನೇ ಕೇಳಿ ತೋರಿಸಿಕೊಂಡೆವು. ಮೊಬೈಲನ್ನು ಎದೆಯ ಜೇಬಿನಲ್ಲಿಡದೆ ಇನ್ನೊಂದು ಕಿವಿಗೆ ಹಿಡಿಯಬೇಕು. ವೆಲ್ಡಿಂಗ್ ನಡೆಯುವಲ್ಲಿಂದ ದೂರ ಇರಬೇಕು. ಎಂ.ಆರ್.ಐ. ಎಂದರೆ ಮೊದಲೇ ಪೇಸ್‌ಮೇಕರಿನ ಕಾರ್ಡು ತೋರಿಸಬೇಕು. ಮಗ್ಗದ ಮೋಟರಿನ ಮೇಲೆ ಎದೆ ಬಗ್ಗಿಸದೆ, ಒಂದು ಕೈಯಳತೆ ದೂರ ನಿಂತು ಕೆಲಸ ನೋಡಬಹುದು ಎಂದರು.

ಎರಡು ತಿಂಗಳಿಗೆ ಅವರು ಮಗ್ಗದ ಕೋಣೆಗೆ ಹೋದರು. ಆ ಕಾರ್ಡು ಈಗ ಜುಬ್ಬಾದ ಜೇಬಿನಲ್ಲೇ ಇರುತ್ತದೆ, ಕೇಳದವರಿಗೂ ತೋರಿಸುತ್ತಾರೆ. ಬರುವ ತಿಂಗಳು ಯಂತ್ರದ ತಪಾಸಣೆ ಇದೆ. ಡಾಕ್ಟರರಿಗೆ ಏನೇನು ಕೇಳಬೇಕೆಂದು ಮೊಮ್ಮಗಳನ್ನು ಕೂರಿಸಿಕೊಂಡು ಚೀಟಿ ಬರೆಸುತ್ತಿದ್ದಾರೆ. ಅದರಲ್ಲಿ ಏನಿದೆ ಎಂದು ನನಗೆ ಇನ್ನೂ ತೋರಿಸಿಲ್ಲ.