ಕುದಿಸಿದರೂ ಹೋಗದ ವಿಷ

(ಕಾರ್ಮಿಕರ ಸಭೆಯಲ್ಲಿ ಮಾಡಿದ ಭಾಷಣ)



ನೀರು ಕೆಟ್ಟಿದೆಯೆಂದು ತಿಳಿದರೆ ನಾವು ಮಾಡುವುದೇನು? ಕುದಿಸಿ ಕುಡಿಯುತ್ತೇವೆ. ಅಮೆರಿಕದ ಒಹಾಯೋ ಸಂಸ್ಥಾನದ ಟೊಲೀಡೊ ನಗರದಲ್ಲಿ ಆ ಉಪಾಯವೂ ಸಾಗಲಿಲ್ಲ. 2014ರ ಆಗಸ್ಟ್ 2ರಂದು ಬೆಳಗಾಗುವ ಮೊದಲೇ ಅಲ್ಲಿ ಸಾರಿದರು: ನಲ್ಲಿಯ ನೀರು ಕುಡಿಯಬೇಡಿ, ಕುದಿಸಲೂ ಬೇಡಿ. ಈರಿ ಸರೋವರದ ನೀಲಿ-ಹಸುರು ಪಾಚಿಯಿಂದ ಮೈಕ್ರೊಸಿಸ್ಟಿನ್ ಎಂಬ ವಿಷ ನಲ್ಲಿಯವರೆಗೂ ಬಂದಿತ್ತು. ಅದು ಯಕೃತ್ತನ್ನು ಕೆಡಿಸುವಂಥದು. ಕುದಿಸಿದರೆ ನೀರು ಆವಿಯಾಗಿ ಹೋಗುತ್ತದೆ, ವಿಷ ಪಾತ್ರೆಯಲ್ಲೇ ಉಳಿಯುತ್ತದೆ. 4 ಲಕ್ಷಕ್ಕೂ ಮೀರಿದ ಜನ! ಅಂಗಡಿಗಳಲ್ಲಿ ಸೀಸೆ ನೀರಿಗೆ ಮುಗಿಬಿದ್ದರು. ಹೋಟೆಲುಗಳು ಬಾಗಿಲು ಹಾಕಿದವು; ವ್ಯಾಪಾರಿ ಮಿತ್ರರಿಗೆ ಅದರ ಅರ್ಥ ಬಿಡಿಸಿ ಹೇಳಬೇಕಿಲ್ಲ. ಆಗಸ್ಟ್ 4ರಂದು ನಿರ್ಬಂಧ ತೆಗೆದರು.

ಪಾಚಿಗೆ ಉಣಿಸಿದ್ದು ಯಾವುದು? ಹೊಲಗಳ ಗೊಬ್ಬರದ ರಂಜಕ. ಮೌಮೀ ನದಿ ಅದನ್ನು ಹೊತ್ತು ತಂದು ಸರೋವರಕ್ಕೆ ಸುರಿಯಿತು. ಸಣ್ಣ ರೈತನನ್ನು ದೂರುವುದು ನಮ್ಮ ಮಾತಲ್ಲ. ಆದರೆ ಲೆಕ್ಕ ನೋಡಿ: ಶುದ್ಧೀಕರಣ ಸ್ಥಾವರದ ಸುಧಾರಣೆಯ ಹೊರೆ ಬಿದ್ದದ್ದು ನಲ್ಲಿಯ ಬಿಲ್ಲಿನ ಮೇಲೆ. 2019ರಲ್ಲಿ ನಗರದ ಮತದಾರರು ಸರೋವರಕ್ಕೇ ಹಕ್ಕು ಕೊಡುವ ಶಾಸನವನ್ನು ಗೆಲ್ಲಿಸಿದರು. 2020ರಲ್ಲಿ ನ್ಯಾಯಾಲಯ ಅದನ್ನು ರದ್ದುಮಾಡಿತು.

ಈ ಜಾತಿಯ ಪಾಚಿ ನಮ್ಮ ನಾಡಿನ ಕೆರೆಗಳಲ್ಲೂ ಬೆಳೆಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಹೇಳಿರುವ ಮಿತಿ ಲೀಟರಿಗೆ 1 ಮೈಕ್ರೊಗ್ರಾಂ. ಕುಡಿಯುವ ನೀರು ಹಸುರಾದಾಗ ಈ ಪರೀಕ್ಷೆ ಯಾರು ಮಾಡುತ್ತಾರೆ, ಎಷ್ಟು ದಿನಕ್ಕೊಮ್ಮೆ ಮಾಡುತ್ತಾರೆ, ಫಲಿತಾಂಶವನ್ನು ಎಲ್ಲಿ ಅಂಟಿಸುತ್ತಾರೆ ಎಂದು ನಗರಸಭೆಯನ್ನು ಕೇಳುವ ಅರ್ಜಿ ಮೇಜಿನ ಮೇಲಿದೆ. ಹೋಗುವ ಮುನ್ನ ಸಹಿ ಹಾಕಿ.