ಕಡಲು ದಾಟಿದವಳು, ಹೊಳೆಯ ದಡದಲ್ಲೇ ಉಳಿದವಳು



ಕಾದಂಬರಿಯ ಹುಡುಗಿ ಬೆಳೆದು ತನ್ನ ಕಾಲ ಮೇಲೆ ನಿಲ್ಲಬೇಕಾದರೆ ಮನೆಯಿಂದ ಎಷ್ಟು ದೂರ ಹೋಗಬೇಕು? ಕೆರಿಬಿಯನ್ ಲೇಖಕಿಯರನ್ನು ಕೇಳಿದರೆ ಇಂಗ್ಲೆಂಡಿನವರೆಗೆ ಎಂದಾರು. ಆಂಟಿಗುವಾದ ಜಮೈಕಾ ಕಿನ್‌ಕೇಡ್ ಅವರ ‘ಆನಿ ಜಾನ್’ (1985) ಕಾದಂಬರಿಯಲ್ಲಿ ಮಗಳು ಗೋಲಿಗಳನ್ನು ಮನೆಯಡಿ ಬಚ್ಚಿಡುತ್ತಾಳೆ. ಅಮ್ಮ ಎಷ್ಟು ತಡಕಾಡಿದರೂ ಸಿಗುವುದಿಲ್ಲ. ಅಮ್ಮನಿಗೆ ಕಾಣದ ಜಾಗವೊಂದು ಮಗಳಿಗೆ ಆಯಿತು ಅನ್ನಿ. ಕೊನೆಗೆ 17ರ ಆನಿ ನರ್ಸಿಂಗ್ ಕಲಿಯಲೆಂದು ಹಡಗು ಹತ್ತುತ್ತಾಳೆ. ಟ್ರಿನಿಡಾಡಿನ ಮರ್ಲ್ ಹಾಡ್ಜ್ 1970ರಲ್ಲಿ ಬರೆದ ‘ಕ್ರಿಕ್ ಕ್ರ್ಯಾಕ್, ಮಂಕಿ’ಯ ಟೀ ಕೂಡ ಹೊರಡುವುದು ಇಂಗ್ಲೆಂಡಿಗೇ.

ನಮ್ಮ ಕರಾವಳಿಯಲ್ಲಿ? 1899ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಿಸಿದ, ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ಯಲ್ಲಿ ಇಂಗ್ಲೆಂಡಿಗೆ ಹೋಗುವವನು ಭಾಸ್ಕರ, ಹುಡುಗ. ಎಳೆಯ ವಿಧವೆ ಇಂದಿರೆ ಹೆತ್ತವರ ಮನೆಯಿಂದ ಓಡಿ ಅದೇ ಊರಿನ ಅಮೃತರಾಯರ ಮನೆ ಸೇರುತ್ತಾಳೆ. ಅಲ್ಲಿ ವಿದ್ಯೆ, ಮರುಮದುವೆ. ಆ ಕಾಲಕ್ಕೆ ಅಷ್ಟೇ ದೊಡ್ಡ ಧೈರ್ಯ. ಆದರೂ ಅವಳಿಗೆ ಬಾಗಿಲು ತೆರೆದುಕೊಡಲು ಒಬ್ಬ ಯಜಮಾನ ಬೇಕೇ ಆಯಿತು.

ಇನ್ನು ನಮ್ಮ ನೆರೆಮನೆಯವರೇ ಆದ ಸಾರಾ ಅಬೂಬಕ್ಕರ್. ಸುಳ್ಯದಲ್ಲಿ ಪಯಸ್ವಿನಿಯಾಗಿ ಹರಿದ ನೀರು ಗಡಿಯಾಚೆ ಚಂದ್ರಗಿರಿಯಾಗಿ ಕಡಲು ಸೇರುತ್ತದಲ್ಲ, ಆ ಹೊಳೆಯ ಊರಿನವರು. 1936ರಲ್ಲಿ ಕಾಸರಗೋಡಿನಲ್ಲಿ ಹುಟ್ಟಿ, ಕನ್ನಡ ಶಾಲೆಯಲ್ಲಿ ಓದಿ, ನಲವತ್ತು ದಾಟಿದ ಮೇಲೆ ಬರೆಯತೊಡಗಿದರು. ‘ಚಂದ್ರಗಿರಿಯ ತೀರದಲ್ಲಿ’ ಮೊದಲು ಬಂದದ್ದು ‘ಲಂಕೇಶ್ ಪತ್ರಿಕೆ’ಯಲ್ಲಿ, ಧಾರಾವಾಹಿಯಾಗಿ. 1985ರಲ್ಲಿ ಪುತ್ತೂರಿನ ಸಮ್ಮೇಳನವೊಂದರಲ್ಲಿ ಅವರು ಮಾತನಾಡದಂತೆ ತಡೆಯುವ ಪ್ರಯತ್ನವೂ ನಡೆಯಿತು.

‘ಚಂದ್ರಗಿರಿಯ ತೀರದಲ್ಲಿ’ಯ ನಾದಿರಾಳಿಗೆ ಗಂಡ ರಶೀದನ ಮೇಲೆ ಪ್ರೀತಿ. ದುಡ್ಡಿನ ವಿಷಯಕ್ಕೆ ಅಳಿಯನ ಮೇಲೆ ಮುನಿದ ಅಪ್ಪ ಮಹಮ್ಮದ್ ಖಾನ್ ತಲಾಖ್ ಆಗುವವರೆಗೆ ಬಿಡುವುದಿಲ್ಲ. ಮತ್ತೆ ರಶೀದನನ್ನು ಸೇರಬೇಕೆಂದರೆ ಇನ್ನೊಬ್ಬನನ್ನು ಮದುವೆಯಾಗಿ, ಒಂದು ರಾತ್ರಿ ಕಳೆದು, ಬಿಡುಗಡೆ ಪಡೆಯಬೇಕು. ನಾದಿರಾ ಮಸೀದಿಯ ಕೊಳಕ್ಕೆ ಹಾರುತ್ತಾಳೆ.

ಕೊಲ್ಲಬೇಕಿತ್ತೇ ಎಂದು ಕೇಳಬಹುದು. ಹುಡುಗಿ ಸಾಯುವ ಕತೆಗಳು ನಮ್ಮಲ್ಲಿ ಬೇಕಾದಷ್ಟಿವೆ, ನನಗೂ ಅವು ಸಾಕಾಗಿವೆ. ಆದರೆ ಇಲ್ಲಿ ನೋಡಿ: ಅಪ್ಪ, ಗಂಡ, ಊರು ಎಲ್ಲರೂ ಸೇರಿ ಹುಡುಕಿದ ದಾರಿ ಆ ಒಂದು ರಾತ್ರಿಯ ಮದುವೆ, ಅವಳ ಒಪ್ಪಿಗೆ ಮಾತ್ರ ಬಾಕಿ. ಅಷ್ಟರವರೆಗೆ ಹೇಳಿದ್ದಕ್ಕೆಲ್ಲ ತಲೆಬಾಗಿದವಳು ತಾನಾಗಿ ತೆಗೆದುಕೊಂಡ ತೀರ್ಮಾನ ಕೊಳಕ್ಕೆ ಹಾರಿದ್ದೊಂದೇ. ಅವಳನ್ನು ಉಳಿಸಲು ಕಾದಂಬರಿಯೊಳಗೆ ಒಬ್ಬ ಅಮೃತರಾಯರನ್ನು ತಂದು ನಿಲ್ಲಿಸಬಹುದಿತ್ತು. ನಾದಿರಾಳ ಊರಿನಲ್ಲಿ ಅಂಥವರು ಇರಲಿಲ್ಲ.