ಮೊಡವೆಯ ಮುಖಕ್ಕೆ ಮನೆಯ ಮದ್ದು: ಯಾವುದು ಸರಿ, ಯಾವುದು ತಪ್ಪು?

(ಯುವಕ ಸಂಘ ಮತ್ತು ಮಹಿಳಾ ಸಂಘಗಳ ಜಂಟಿ ಸಭೆಯಲ್ಲಿ ಮಾಡಿದ ಭಾಷಣ)



ಬಿತ್ತನೆ, ಗೊಬ್ಬರ, ದನಕರುಗಳ ಮಾತು ನಡೆಯುವ ಸಭೆಯಲ್ಲಿ ಮೊಡವೆಯ ವಿಷಯ ಏಕೆ ಬಂತೆಂದು ಕೆಲವರಿಗೆ ನಗು ಬರಬಹುದು. ಆದರೆ ಹರೆಯಕ್ಕೆ ಬಂದ ಮಕ್ಕಳಿರುವ ಮನೆಯವರು ನಗಲಾರರು. ಮುಖದ ತುಂಬ ಗುಳ್ಳೆ ಎದ್ದ ಹುಡುಗ ತರಗತಿಯಲ್ಲಿ ಹಿಂದಿನ ಬೆಂಚಿಗೆ ಸರಿಯುತ್ತಾನೆ. ಹುಡುಗಿ ನೆಂಟರ ಮದುವೆಗೆ ಬರಲು ಒಲ್ಲೆನೆನ್ನುತ್ತಾಳೆ. ಮನೆಯವರು ಗಾಬರಿಗೊಂಡು ಕಂಡವರು ಹೇಳಿದ್ದನ್ನೆಲ್ಲ ಮುಖಕ್ಕೆ ಹಚ್ಚುತ್ತಾರೆ. ಮೊಡವೆ ತಾನಾಗಿ ಮಾಡದ ಹಾನಿಯನ್ನು ಎಷ್ಟೋ ಸಾರಿ ಈ ಹಚ್ಚುವಿಕೆಯೇ ಮಾಡಿಬಿಡುತ್ತದೆ. ಅದನ್ನು ತಪ್ಪಿಸುವ ಬಗೆ ಹೇಗೆಂಬುದೇ ಇಂದಿನ ನನ್ನ ಮಾತು.

ಮೊಡವೆ ಏಕೆ ಏಳುತ್ತದೆ?

ನಮ್ಮ ಚರ್ಮದಲ್ಲಿ ಪ್ರತಿಯೊಂದು ಕೂದಲಿನ ಬುಡಕ್ಕೂ ಒಂದು ಸಣ್ಣ ಕುಳಿ ಉಂಟು. ಅದರ ಪಕ್ಕದಲ್ಲಿ ಜಿಡ್ಡನ್ನು ಒಸರುವ ಗ್ರಂಥಿ ಇರುತ್ತದೆ. ಚರ್ಮ ಒಣಗಿ ಬಿರಿಯದಂತೆ ಕಾಯುವುದು ಈ ಜಿಡ್ಡೇ. ಹರೆಯ ಬಂದಾಗ ಗಂಡು ಹೆಣ್ಣು ಇಬ್ಬರಲ್ಲಿಯೂ ಕೆಲವು ಹಾರ್ಮೋನುಗಳು ಹೆಚ್ಚಿ, ಗ್ರಂಥಿಗಳು ಬೇಕಾದುದಕ್ಕಿಂತ ಅಧಿಕ ಜಿಡ್ಡನ್ನು ಒಸರುತ್ತವೆ. ಕುಳಿಯ ಒಳಗಿನಿಂದ ಉದುರುವ ಸತ್ತ ಚರ್ಮದ ಪುಡಿ ಈ ಜಿಡ್ಡಿನೊಡನೆ ಸೇರಿ ಬಾಯಿ ಕಟ್ಟುತ್ತದೆ. ಹನಿ ನೀರಾವರಿಯ ಕೊಳವೆಯಲ್ಲಿ ಉಪ್ಪು ಕಟ್ಟಿ ತೂತು ಮುಚ್ಚುವುದನ್ನು ನೀವು ಬಲ್ಲಿರಿ, ಇದೂ ಹಾಗೆಯೇ. ಚರ್ಮದಲ್ಲಿ ಸದಾ ಇರುವ ಒಂದು ಬಗೆಯ ಸೂಕ್ಷ್ಮಾಣು ಒಳಗೆ ನಿಂತ ಜಿಡ್ಡಿನಲ್ಲಿ ಬೆಳೆಯುತ್ತದೆ. ಆಗ ಆ ಜಾಗ ಕೆಂಪಾಗಿ ಊದಿ, ಕೀವು ಕಟ್ಟುತ್ತದೆ.

ಇದರಿಂದ ನಾವು ತಿಳಿಯಬೇಕಾದುದೇನು? ಮೊಡವೆ ಅಂಟುರೋಗವಲ್ಲ. ಅದು ಕೊಳಕುತನದ ಗುರುತಲ್ಲ, ಕೆಟ್ಟ ನಡತೆಯ ಗುರುತೂ ಅಲ್ಲ. ಮೂಗಿನ ಮೇಲೆ ಕಾಣುವ ಕಪ್ಪು ಚುಕ್ಕೆಯೂ ಕೊಳೆಯಲ್ಲ. ಕಟ್ಟಿಕೊಂಡ ಜಿಡ್ಡು ಗಾಳಿಗೆ ತೆರೆದು ಕಪ್ಪಾದುದು. ಎಷ್ಟು ತಿಕ್ಕಿದರೂ ಅದು ಹೋಗದು. ತಂದೆ ತಾಯಿಗೆ ಮೊಡವೆ ಹೆಚ್ಚಾಗಿದ್ದರೆ ಮಕ್ಕಳಿಗೂ ಹೆಚ್ಚಾಗುವ ಸಂಭವ ಉಂಟು.

"ಮೈ ಉಷ್ಣವಾಗಿದೆ" ಎಂದು ಮಕ್ಕಳ ಊಟ ಕಟ್ಟುವುದು ಬೇಡ. ಮುದ್ದೆ, ರೊಟ್ಟಿ, ಕಾಳು, ಸೊಪ್ಪು ಯಾವುದನ್ನೂ ಬಿಡಿಸಬೇಕಾಗಿಲ್ಲ. ಸಕ್ಕರೆ ಹೆಚ್ಚಾಗಿರುವ ತಿಂಡಿಗಳನ್ನೂ ಸೀಸೆಯ ಸಿಹಿ ಪಾನೀಯಗಳನ್ನೂ ಕಡಿಮೆ ಮಾಡಿದರೆ ಕೆಲವರಿಗೆ ಗುಣ ಕಾಣುತ್ತದೆ. ಹಾಲಿನಿಂದ ಕೆಲವರಿಗೆ ಮೊಡವೆ ಹೆಚ್ಚಬಹುದಾದರೂ, ಬೆಳೆಯುವ ಮಕ್ಕಳಿಗೆ ಹಾಲನ್ನು ನೀವಾಗಿಯೇ ನಿಲ್ಲಿಸಬೇಡಿ.

ಮನೆಯ ಮದ್ದುಗಳ ಗುಣಾವಗುಣ

ಹಿರಿಯರಿಂದ ಬಂದ ಮದ್ದುಗಳನ್ನೆಲ್ಲ ತಳ್ಳಿಹಾಕಬೇಕೆಂದು ನಾನು ಹೇಳುವುದಿಲ್ಲ. ಬೀಜವನ್ನು ಆರಿಸುವಂತೆ ಇವನ್ನೂ ಆರಿಸಬೇಕು.

ಕಡಲೆ ಹಿಟ್ಟು, ಹೆಸರು ಹಿಟ್ಟು ಒಳ್ಳೆಯವು. ನುಣ್ಣಗೆ ಜರಡಿ ಹಿಡಿದ ಹಿಟ್ಟನ್ನು ನೀರಿನಲ್ಲಿ ಕಲಸಿ, ಮೆಲ್ಲಗೆ ಸವರಿ ತೊಳೆದರೆ ಮೇಲಿನ ಜಿಡ್ಡು ಹೋಗುತ್ತದೆ. ಆದರೆ ಒಣಗಿ ಗಟ್ಟಿಯಾದ ಮೇಲೆ ಉಜ್ಜಿ ತೆಗೆಯಬಾರದು.

ಬೇವಿನ ಎಲೆ ಕುದಿಸಿ ಆರಿಸಿದ ನೀರಿನಲ್ಲಿ ಮುಖ ತೊಳೆಯುವುದರಿಂದ ಸಾಮಾನ್ಯವಾಗಿ ತೊಂದರೆಯಿಲ್ಲ. ಹಸಿ ಎಲೆಯನ್ನು ಅರೆದು ರಾತ್ರಿಯೆಲ್ಲ ಮೆತ್ತಿಕೊಂಡರೆ ಮಾತ್ರ ಕೆಲವರಿಗೆ ಉರಿಯೇಳುತ್ತದೆ.

ಅರಿಶಿನಕ್ಕೆ ಸೂಕ್ಷ್ಮಾಣುಗಳನ್ನು ತಡೆಯುವ ಗುಣ ಉಂಟೆಂದು ಪ್ರಯೋಗಶಾಲೆಯಲ್ಲಿ ಕಂಡಿದ್ದಾರೆ. ಆದರೆ ಅದೊಂದರಿಂದಲೇ ಮೊಡವೆ ವಾಸಿಯಾಗುವುದೆಂದು ನಂಬುವಂತಿಲ್ಲ. ಹಚ್ಚುವುದಾದರೆ ಮನೆಯಲ್ಲಿ ಪುಡಿ ಮಾಡಿದ್ದನ್ನು ಒಂದು ಚಿಟಿಕೆ ಹಿಟ್ಟಿನೊಡನೆ ಕಲಸಿ ಹಚ್ಚಿರಿ. ಕಣ್ಣು ಕುಕ್ಕುವ ಬಣ್ಣದ ಅಂಗಡಿ ಪುಡಿಯಲ್ಲಿ ಕಲಬೆರಕೆ ಇರಬಹುದು.

ಲೋಳೆಸರ ಕೆಂಪನ್ನೂ ಉರಿಯನ್ನೂ ಶಮನಗೊಳಿಸುತ್ತದೆ. ಎಲೆ ಕೊಯ್ದೊಡನೆ ಸುರಿಯುವ ಹಳದಿ ರಸವನ್ನು ಬಸಿಯಬಿಟ್ಟು, ತೊಳೆದು, ಒಳಗಿನ ತಿಳಿಯಾದ ಲೋಳೆಯನ್ನಷ್ಟೇ ಹಚ್ಚಬೇಕು. ಯಾವ ಮದ್ದೇ ಆಗಲಿ, ಮೊದಲು ಮೊಳಕೈಯ ಒಳಭಾಗಕ್ಕೆ ಸ್ವಲ್ಪ ಹಚ್ಚಿ ಎರಡು ದಿನ ನೋಡಿರಿ. ತುರಿಕೆ, ಕೆಂಪು ಕಂಡರೆ ಅದು ಆ ಮುಖಕ್ಕೆ ಒಗ್ಗದು.

ಇನ್ನು ಬಿಡಲೇಬೇಕಾದವು. ನಿಂಬೆರಸ ಬಲವಾದ ಹುಳಿ. ಅದನ್ನು ಹಚ್ಚಿಕೊಂಡು ಹೊಲದ ಬಿಸಿಲಿಗೆ ಹೋದರೆ ಚರ್ಮ ಸುಟ್ಟಂತಾಗಿ ಕಪ್ಪು ಕಲೆ ನಿಲ್ಲುತ್ತದೆ. ಹಸಿ ಬೆಳ್ಳುಳ್ಳಿ ಬೊಬ್ಬೆ ಎಬ್ಬಿಸುತ್ತದೆ. ಸುಣ್ಣ, ಅಡಿಗೆ ಸೋಡ, ಹಲ್ಲುಜ್ಜುವ ಪೇಸ್ಟು ಇವೆಲ್ಲ ಚರ್ಮಕ್ಕೆ ಉರಿ ತರುವಂಥವು. ಕೊಬ್ಬರಿ ಎಣ್ಣೆಯನ್ನು ಮೊಡವೆಯ ಮುಖಕ್ಕೆ ತಿಕ್ಕುವುದೆಂದರೆ ಮೊದಲೇ ಕಟ್ಟಿದ ಕಾಲುವೆಗೆ ಇನ್ನಷ್ಟು ಹೂಳು ತುಂಬಿದ ಹಾಗೆ.

ನಿತ್ಯದ ಅಭ್ಯಾಸಗಳು

1. ದಿನಕ್ಕೆ ಎರಡು ಸಾರಿ, ಮತ್ತು ಬೆವರು ಸುರಿಸಿ ದುಡಿದು ಬಂದ ಮೇಲೆ, ಮೃದುವಾದ ಸೋಪಿನಿಂದ ಬೆರಳುಗಳಲ್ಲಿ ಮೆಲ್ಲಗೆ ಮುಖ ತೊಳೆಯಿರಿ. ಬಟ್ಟೆ ಸೋಪು, ತೆಂಗಿನ ನಾರು, ಮೈ ತಿಕ್ಕುವ ಕಲ್ಲು ಮುಖಕ್ಕೆ ಬೇಡ. ಕೊಳವೆ ಬಾವಿಯ ಗಡಸು ನೀರಾದರೆ ಸೋಪಿನ ಅಂಶ ಉಳಿಯದಂತೆ ಚೆನ್ನಾಗಿ ತೊಳೆಯಬೇಕು. ಐದಾರು ಸಾರಿ ತೊಳೆದರೆ ಲಾಭವಿಲ್ಲ, ಚರ್ಮ ಒಣಗುತ್ತದೆ.

2. ತಲೆಗೆ ಎಣ್ಣೆ ಹಚ್ಚುವವರು ಸ್ನಾನಕ್ಕೆ ಮೊದಲು ಹಚ್ಚಿ ತೊಳೆದುಬಿಡಿ. ರಾತ್ರಿ ಹಚ್ಚಿದ ಎಣ್ಣೆ ಹಣೆಗೂ ದಿಂಬಿಗೂ ಇಳಿದು, ಹಣೆಯಂಚಿನಲ್ಲಿ ಸಾಲುಗುಳ್ಳೆ ಏಳುತ್ತವೆ.

3. ಹೆಗಲ ಮೇಲಿನ ಟವೆಲಿನಿಂದಲೇ ಬೆವರು, ಧೂಳು, ಗ್ರೀಸು ಎಲ್ಲವನ್ನೂ ಒರಸಿ, ಅದರಿಂದಲೇ ಮುಖ ಒರಸಬೇಡಿ. ಮುಖಕ್ಕೆ ಬೇರೆ ಒಗೆದ ವಸ್ತ್ರವಿರಲಿ. ಟ್ರ್ಯಾಕ್ಟರು, ಪಂಪ್‌ಸೆಟ್ಟುಗಳ ಎಣ್ಣೆ ಹತ್ತಿದ ಬಟ್ಟೆಯನ್ನು ಕೂಡಲೇ ಬದಲಿಸಿರಿ. ಆ ಎಣ್ಣೆಯಿಂದ ತೋಳು ತೊಡೆಗಳಲ್ಲಿಯೂ ಗುಳ್ಳೆಗಳಾಗುತ್ತವೆ.

4. ಮೊಡವೆಯನ್ನು ಹಿಸುಕಬೇಡಿ. ಹಿಸುಕಿದಾಗ ಕೀವು ಹೊರಗೆ ಬರುವುದಷ್ಟೇ ಅಲ್ಲ, ಒಳಗೂ ಒಡೆದು ಹರಡುತ್ತದೆ. ಮುಖದಲ್ಲಿ ಉಳಿಯುವ ಗುಳಿಗಳಲ್ಲಿ ಎಷ್ಟೋ ಉಗುರಿನ ಕೆಲಸವೇ.

5. ಬಿಸಿಲಿಗೆ ಹೋಗುವಾಗ ಟೋಪಿಯನ್ನೋ ಸೆರಗನ್ನೋ ಮರೆಮಾಡಿಕೊಳ್ಳಿ. ನಮ್ಮಂಥ ಕಂದು ಚರ್ಮದವರಿಗೆ ಮೊಡವೆ ಹೋದ ಮೇಲೂ ಕಪ್ಪು ಕಲೆ ಕೆಲವು ತಿಂಗಳು ನಿಲ್ಲುತ್ತದೆ; ಬಿಸಿಲು ಅದನ್ನು ಇನ್ನೂ ಕಪ್ಪಾಗಿಸುತ್ತದೆ.

ಇಷ್ಟರಿಂದ ಗುಣವಾಗದಿದ್ದರೆ ಬೆಂಜಾಯಿಲ್ ಪೆರಾಕ್ಸೈಡ್ ಎಂಬ ಮುಲಾಮು ಉಂಟು. ಆರೋಗ್ಯ ಕೇಂದ್ರದಲ್ಲಿ ಕೇಳಿ ಪಡೆಯಿರಿ. ಶೇಕಡಾ 2.5ರ ಬಲದ್ದು ಶೇಕಡಾ 10ರದ್ದರಷ್ಟೇ ಕೆಲಸ ಮಾಡುತ್ತದೆ, ಉರಿ ಕಡಿಮೆ. ಗುಳ್ಳೆಯ ಮೇಲಷ್ಟೇ ಬೊಟ್ಟಿಡದೆ, ಮೊಡವೆ ಏಳುವ ಜಾಗಕ್ಕೆಲ್ಲ ತೆಳ್ಳಗೆ ಹಚ್ಚಬೇಕು. ಮೊದಲು ದಿನ ಬಿಟ್ಟು ದಿನ ಸಾಕು. ಬಟ್ಟೆಗೆ ತಾಗಿದರೆ ಬಣ್ಣ ಬಿಡುತ್ತದೆಂಬುದು ನೆನಪಿರಲಿ. ಗುಣ ಕಾಣಲು ಆರರಿಂದ ಎಂಟು ವಾರ ಬೇಕು. ರಾಗಿ ಬಿತ್ತಿದ ಮರುದಿನವೇ ತೆನೆ ಕೇಳುವವರುಂಟೆ?

ಎರಡೇ ದಿನದಲ್ಲಿ ಮುಖ ಬೆಳಗಿಸುವ ಮುಲಾಮು

ಈಗ ಅತಿ ಮುಖ್ಯವಾದ ಮಾತಿಗೆ ಬರುತ್ತೇನೆ. ಎರಡು ಮೂರು ದಿನದಲ್ಲಿ ಮೊಡವೆ ಅಡಗಿಸಿ ಬಣ್ಣ ತಿಳಿಯಾಗಿಸುತ್ತದೆಂದು ಅಂಗಡಿಯವರೋ ಗೆಳೆಯರೋ ಕೊಡುವ ಮುಲಾಮುಗಳಲ್ಲಿ ಹಲವು ಸ್ಟೀರಾಯ್ಡ್ ಬೆರೆತವು. ಸ್ಟೀರಾಯ್ಡ್ ಊತವನ್ನು ತಟ್ಟನೆ ಇಳಿಸುತ್ತದೆ. ಆದಕಾರಣವೇ ಜನ ಮೋಸಹೋಗುತ್ತಾರೆ. ಕೆಲವು ವಾರ, ತಿಂಗಳು ಕಳೆದಂತೆ ಚರ್ಮ ತೆಳ್ಳಗಾಗುತ್ತದೆ, ರಕ್ತನಾಳಗಳು ಮೇಲೆ ಕಾಣುತ್ತವೆ, ಹೆಣ್ಣುಮಕ್ಕಳ ಮುಖದಲ್ಲಿ ಕೂದಲು ಮೂಡುತ್ತದೆ, ಮೊಡವೆ ಮೊದಲಿಗಿಂತ ಹೆಚ್ಚುತ್ತದೆ. ನಿಲ್ಲಿಸಿದರೆ ಮುಖವೆಲ್ಲ ಕೆಂಪಾಗಿ ಉರಿಯುತ್ತದೆ. ಆ ಉರಿಗೆ ಹೆದರಿ ಮತ್ತೆ ಅದನ್ನೇ ಹಚ್ಚುತ್ತಾರೆ. ಮೇಲುಸಾಲ ತೀರಿಸಲು ಮತ್ತೆ ಸಾಲ ಮಾಡಿದ ಕಥೆಯೇ ಇದು.

2011ರಲ್ಲಿ ನಮ್ಮ ದೇಶದ ಚರ್ಮವೈದ್ಯರು 12 ಕೇಂದ್ರಗಳಲ್ಲಿ ನಡೆಸಿದ ಪರಿಶೀಲನೆಯೊಂದು ಪ್ರಕಟವಾಯಿತು. ಮುಖದ ಚರ್ಮದ ತೊಂದರೆಯಿಂದ ಬಂದ 2,926 ಜನರಲ್ಲಿ 433 ಜನ ಸ್ಟೀರಾಯ್ಡ್ ಮುಲಾಮು ಹಚ್ಚುತ್ತಿದ್ದರು. ಅವರಲ್ಲಿ 104 ಜನ ಮೊಡವೆಗಾಗಿ ಹಚ್ಚಿದವರು. 433 ಜನರಲ್ಲಿ 392 ಜನರಿಗೆ ಹಾನಿಯಾಗಿತ್ತು; ಆ ಹಾನಿಗಳಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಕಂಡದ್ದು ಮೊಡವೆಯೇ. 2018ರಲ್ಲಿ ಕೇಂದ್ರ ಸರ್ಕಾರವು ಇಂಥ 14 ಸ್ಟೀರಾಯ್ಡ್‌ಗಳ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದ ಔಷಧಗಳ ಪಟ್ಟಿಗೆ ಸೇರಿಸಿತು. ಕಾನೂನು ಕಾಯುವುದು ಕೊಳ್ಳುವವನು ಎಚ್ಚರವಾಗಿದ್ದಾಗ. ಬೀಟಾಮೆಥಸೋನ್, ಕ್ಲೋಬೆಟಸಾಲ್, ಮೊಮೆಟಸೋನ್, ಫ್ಲೂಸಿನೊಲೋನ್ ಎಂಬ ಹೆಸರುಗಳನ್ನು ಬರೆದಿಟ್ಟುಕೊಳ್ಳಿರಿ. ಟ್ಯೂಬಿನ ಮೇಲೆ ಇವುಗಳಲ್ಲಿ ಒಂದಿದ್ದರೆ ವೈದ್ಯರ ಮಾತಿಲ್ಲದೆ ಮುಖಕ್ಕೆ ಮುಟ್ಟಿಸಬೇಡಿ. ಬಹುದಿನದಿಂದ ಹಚ್ಚುತ್ತಿರುವವರು ಬಿಡುವ ಬಗೆಯನ್ನು ಚರ್ಮವೈದ್ಯರಲ್ಲಿಯೇ ಕೇಳಬೇಕು.

ವೈದ್ಯರಲ್ಲಿಗೆ ಯಾವಾಗ?

ನೋವಿನ ದೊಡ್ಡ ಗಂಟುಗಳಾಗಿದ್ದರೆ, ಗುಳಿ ಬೀಳುತ್ತಿದ್ದರೆ, ಎರಡು ಮೂರು ತಿಂಗಳಾದರೂ ತಗ್ಗದಿದ್ದರೆ, ಹೆಣ್ಣುಮಕ್ಕಳಿಗೆ ಮೊಡವೆಯೊಡನೆ ಮುಟ್ಟು ಏರುಪೇರಾಗಿ ಗಲ್ಲದಲ್ಲಿ ಕೂದಲು ಬರುತ್ತಿದ್ದರೆ ತಡಮಾಡಬೇಡಿ. ಆಶಾ ಕಾರ್ಯಕರ್ತೆಯನ್ನು ಕೇಳಿ, ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ, ಅಲ್ಲಿಂದ ಚರ್ಮವೈದ್ಯರನ್ನು ಕಾಣಿರಿ. ಗರ್ಭಿಣಿಯರು, ಮಗು ಬಯಸುವವರು ಅದನ್ನು ಮೊದಲೇ ಹೇಳಬೇಕು. ಮೊಡವೆಯ ಕೆಲವು ಮಾತ್ರೆಗಳು ಹೊಟ್ಟೆಯ ಕೂಸಿಗೆ ಅಪಾಯಕರ.

ಹಿರಿಯರಲ್ಲಿ ಕೊನೆಯದಾಗಿ ಒಂದು ಬಿನ್ನಹ. ಮಕ್ಕಳ ಮುಖ ನೋಡಿ ಹಂಗಿಸಬೇಡಿ, "ಇವಳನ್ನು ಯಾರು ಒಪ್ಪಿಯಾರು" ಎಂದು ನೆಂಟರೆದುರು ಆಡಬೇಡಿ. ಆ ಮಾತು ಕೇಳಿದ ಮಗುವೇ ಗುಟ್ಟಾಗಿ ಅಂಗಡಿಯ ಟ್ಯೂಬಿಗೆ ಕೈ ಹಾಕುವುದು. ಇಂದು ಮನೆಗೆ ಹೋದೊಡನೆ ಕನ್ನಡಿಯ ಬಳಿ ಇರುವ ಮುಲಾಮುಗಳನ್ನು ಮಕ್ಕಳೊಡನೆ ಕೂತು ಬೆಳಕಿಗೆ ಹಿಡಿದು ಓದಿರಿ. ನಾನು ಹೇಳಿದ ನಾಲ್ಕು ಹೆಸರುಗಳಲ್ಲಿ ಒಂದು ಸಿಕ್ಕರೆ, ಆ ಟ್ಯೂಬನ್ನು ಕೈಯಲ್ಲಿ ಹಿಡಿದುಕೊಂಡೇ ಆರೋಗ್ಯ ಕೇಂದ್ರಕ್ಕೆ ಬನ್ನಿರಿ.